ಹಳೇ ಪ್ಲೇಟು, ಹಳೇ ಹಾಡು: ರೈಲಿನವನು ಕಟ್ಟಿದ ಹಾಡುಗಳು

ಪ್ರಶ್ನೆ: ಕಿಶೋರ್ ಕುಮಾರ್ ಹಾಡಿನ ನಡುವೆ ದನಿ ಹಾರಿಸಿ ‘ಯೋಡ್ಲಿಂಗ್’ ಮಾಡುತ್ತಿದ್ದರಲ್ಲ, ಅದನ್ನು ಜಿಮ್ಮಿ ರಾಡ್ಜರ್ಸ್ ಎಂಬ ಅಮೆರಿಕದವನಿಂದ ಕಲಿತರು ಎಂದು ಓದಿದೆ. ಯಾರು ಸಾರ್ ಆತ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಟೆಕ್ಸ್ ಮಾರ್ಟನ್ ಮತ್ತು ಜಿಮ್ಮಿ ರಾಡ್ಜರ್ಸ್ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿ ಕಲಿತರು ಎನ್ನುತ್ತಾರೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮಾರ್ಟನ್ ಕೂಡ ರಾಡ್ಜರ್ಸ್ ದಾರಿ ಹಿಡಿದವನೇ. ಯಾವ ಕಡೆಯಿಂದ ಹೋದರೂ ಕೊನೆಗೆ ಸಿಗುವುದು ರಾಡ್ಜರ್ಸ್ ಎಂಬ ಈ ರೈಲ್ವೆ ನೌಕರ.

ಹುಟ್ಟಿದ್ದು 1897. ಊರು ಮಿಸಿಸಿಪ್ಪಿಯ ಮೆರಿಡಿಯನ್. ಅಪ್ಪ ರೈಲು ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ. ಅಮ್ಮ ಬೇಗ ತೀರಿಕೊಂಡಳು. ಹುಡುಗ ಹಳಿ ಪಕ್ಕದಲ್ಲೇ ಬೆಳೆದು, ರೈಲಿನ ಬ್ರೇಕ್ ನೋಡಿಕೊಳ್ಳುವ ಬ್ರೇಕ್‌ಮನ್ ಆದ. 1924ರಲ್ಲಿ ಕ್ಷಯ ಗೊತ್ತಾಯಿತು. ರೈಲ್ವೆಯ ಮೈಮುರಿ ಕೆಲಸ ಇನ್ನು ಸಾಧ್ಯವಿರಲಿಲ್ಲ. 1927ರಿಂದ 1933ರವರೆಗೆ ಸುಮಾರು 110 ಹಾಡು ಪ್ಲೇಟಿಗೆ ಕೊಟ್ಟು, 35ನೇ ವಯಸ್ಸಿಗೇ ಹೊರಟುಹೋದ. ಅಮೆರಿಕದವರು ‘ಕಂಟ್ರಿ ಸಂಗೀತ’ ಎನ್ನುತ್ತಾರಲ್ಲ, ಅದರ ಪಿತಾಮಹ ಎಂದು ಕರೆಯುವುದು ಈತನನ್ನೇ.

ಪ್ರಶ್ನೆ: ನೀವೂ ರೈಲ್ವೆಯಲ್ಲಿದ್ದವರು. ಬ್ರೇಕ್‌ಮನ್ ಕೆಲಸಕ್ಕೂ ಹಾಡಿಗೂ ಏನು ಸಂಬಂಧ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬಹಳ ಸಂಬಂಧ. ನಾನು ಗೂಡ್ಸ್ ಗಾರ್ಡ್ ಆಗಿದ್ದವನು. ಹಳಿ ಸರಿಸುವಾಗ ನಮ್ಮ ಗ್ಯಾಂಗ್‌ಮನ್‌ಗಳು ಹಾರೆ ಕೊಟ್ಟು ‘ಐಸಾ’ ಅಂತ ಒಟ್ಟಿಗೆ ಮೀಟುತ್ತಿದ್ದರು. ಒಬ್ಬ ಕೂಗುತ್ತಿದ್ದ, ಉಳಿದವರು ಓಗೊಡುತ್ತಿದ್ದರು. ಅಲ್ಲೂ ಹಾಗೇ. ಕಪ್ಪು ಜನರ ಗ್ಯಾಂಗುಗಳು ಹಾಡುತ್ತಲೇ ಹಳಿ ಸರಿಸುತ್ತಿದ್ದವು. ಆ ಗ್ಯಾಂಗಿಗೆ ನೀರು ಹೊರುತ್ತಿದ್ದ ಹುಡುಗ ಜಿಮ್ಮಿ. ಬ್ಲೂಸ್ ಎಂಬ ಅವರ ನೋವಿನ ಹಾಡು ಅವನ ಕಿವಿಗೆ ಬಿದ್ದದ್ದು ಹೀಗೆ.

ಆತನ ‘ಬ್ಲೂ ಯೋಡಲ್’ಗಳ ಕಟ್ಟು ನೋಡಿ. ಒಂದು ಸಾಲು. ಅದೇ ಸಾಲು ಮತ್ತೊಮ್ಮೆ. ಮೂರನೇ ಸಾಲಿನಲ್ಲಿ ಅದಕ್ಕೆ ಜವಾಬು. ಇಷ್ಟೂ ಬ್ಲೂಸಿನದು. ಆಮೇಲೆ ದನಿ ಎದೆಯಿಂದ ಕಳ್ಳದನಿಗೆ, ಅಂದರೆ ತೆಳುವಾದ ಮೇಲುದನಿಗೆ, ಜಿಗಿಯುತ್ತದೆ. ಅದು ಯೋಡಲ್.

ನನ್ನನ್ನು ಜಾಸ್ತಿ ಹಿಡಿದದ್ದು 1928ರ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ರೆಕಾರ್ಡ್ ಆದ ‘ವೇಟಿಂಗ್ ಫಾರ್ ಎ ಟ್ರೇನ್’. ಶುರುವಿನಲ್ಲಿ ಬಾಯಲ್ಲೇ ಎಂಜಿನ್ ಸೀಟಿ ಹೊಡೆಯುತ್ತಾನೆ. ಹಾಡಿನಲ್ಲಿ ಕಾಸಿಲ್ಲದ ಒಬ್ಬ ಗೂಡ್ಸ್ ಗಾಡಿ ಹತ್ತಿಸಿಕೋ ಎಂದು ಬ್ರೇಕ್‌ಮನ್‌ನನ್ನು ಕೇಳುತ್ತಾನೆ. ದುಡ್ಡಿದ್ದರೆ ಸರಿ, ಇಲ್ಲದಿದ್ದರೆ ಇಳಿ ಎನ್ನುತ್ತಾನೆ ಅವನು, ಡಬ್ಬಿ ಬಾಗಿಲು ಧಡ್ ಅಂತ ಹಾಕುತ್ತಾನೆ. ಹಾಡುತ್ತಿರುವವನೇ ಬ್ರೇಕ್‌ಮನ್ ಆಗಿದ್ದವನು, ಅಲ್ವಾ? ಆದರೆ ಹಾಡು ನಿಂತಿರುವುದು ಇಳಿಯಬೇಕಾಗಿ ಬಂದವನ ಕಡೆ. ಬ್ರೇಕ್ ವ್ಯಾನ್ ಹತ್ತಿರ ಬಂದು ಕೈಮುಗಿದು ನಿಂತವರನ್ನು ನಾನೂ ನೋಡಿದ್ದೇನೆ. ಆ ಮುಖಗಳನ್ನು ನೋಡಿದವನು ಮಾತ್ರ ಹೀಗೆ ಹಾಡಬಲ್ಲ.

ಪ್ರಶ್ನೆ: ಆತನ ಹಾಡುಗಳನ್ನು ಬರೆದವರು ಬೇರೆಯವರು ಎನ್ನುತ್ತಾರೆ. ಹಾಗಿದ್ದರೆ ಆತನನ್ನು ಹಾಡು ಕಟ್ಟಿದವನು ಎನ್ನುವುದು ಸರಿಯೇ?
— ಓದುಗರೊಬ್ಬರು, ಸಾಗರ

ಉತ್ತರ: ಸರಿಯೇ. ಆದರೆ ಒಬ್ಬನೇ ಕಟ್ಟಲಿಲ್ಲ. ಇದನ್ನು ಬಿಡಿಸಿ ಹೇಳಬೇಕು.

1927ರ ಆಗಸ್ಟ್ 4. ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರು. ಪ್ಲೇಟು ಮಾಡುವ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಅಲ್ಲಿ ಒಂದು ಟೋಪಿ ಕಂಪನಿಯ ಕಟ್ಟಡದಲ್ಲಿ ರೆಕಾರ್ಡಿಂಗ್ ಯಂತ್ರ ಹೂಡಿದ್ದ. ಪ್ಲೇಟಿನ ಮೇಲೆ ಯಾರ ಹೆಸರು ಎಂದು ಜಗಳ ಎದ್ದು ಜಿಮ್ಮಿಯ ಜೊತೆಗಾರರು ಹಿಂದಿನ ದಿನವಷ್ಟೇ ಬೇರೆಯಾಗಿದ್ದರು. ಹಾಗಾಗಿ ಗಿಟಾರ್ ಹಿಡಿದು ಒಬ್ಬನೇ ಎರಡು ಹಾಡು ಹಾಡಿದ. ಕೈಗೆ ಬಂದದ್ದು 100 ಡಾಲರ್.

ಪಿಯರ್‌ನ ಆದಾಯ ಹಾಡಿನ ಹಕ್ಕಿನಿಂದ ಬರುತ್ತಿತ್ತು. ಎಲ್ಲರಿಗೂ ಗೊತ್ತಿರುವ ಹಳೇ ಹಾಡಿಗೆ ಹಕ್ಕು ಎಲ್ಲಿಂದ ಬರಬೇಕು? ಹೊಸದು ಬೇಕು ಎಂದು ಹಟ ಹಿಡಿಯುತ್ತಿದ್ದ. ಪ್ರತಿ ರೆಕಾರ್ಡಿಂಗಿಗೂ ಜಿಮ್ಮಿ ಹೊಸ ಹಾಡು ಹೊಂದಿಸಲೇಬೇಕಾಗಿತ್ತು. ಆ ಒತ್ತಡವೇ ಆತನನ್ನು ಹಾಡು ಕಟ್ಟುವವನನ್ನಾಗಿ ಮಾಡಿತು.

ಈ ಕೆಲಸಕ್ಕೆ ನೆರವಾದವಳು ಅತ್ತಿಗೆ ಎಲ್ಸಿ ಮೆಕ್‌ವಿಲಿಯಮ್ಸ್. ಹೆಂಡತಿ ಕ್ಯಾರಿಯ ಅಕ್ಕ. ಆತನ ಹಾಡುಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟರಲ್ಲಿ ಆಕೆಯ ಕೈ ಇದೆ. ಜಿಮ್ಮಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆಕೆ ರೆಕಾರ್ಡಿಂಗ್ ನಡೆಯುವ ಊರಿಗೇ ಹೋಗಿ ಹಾಡಿ ಕಲಿಸಿದ್ದಾಳೆ. ಎಷ್ಟೋ ಹಾಡಿಗೆ ಹೆಸರನ್ನೇ ಹಾಕಿಸಿಕೊಳ್ಳಲಿಲ್ಲ. ಜೈಲಿನಿಂದ ಸಾಹಿತ್ಯ ಬರೆದು ಕಳಿಸುತ್ತಿದ್ದ ರೇಮಂಡ್ ಹಾಲ್ ಎಂಬ ಟೆಕ್ಸಸ್ ಕೈದಿಯೂ ಇದ್ದ. 1931ರ ‘ಟಿ.ಬಿ. ಬ್ಲೂಸ್’ನಲ್ಲಿ ಅವನ ಪಾಲಿದೆ. ಗ್ಯಾಂಗಿನ ಕಪ್ಪು ಕೂಲಿಗಳ ಹೆಸರು ಮಾತ್ರ ಯಾವ ಪ್ಲೇಟಿನ ಮೇಲೂ ಇಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಅವರಿಂದ ಬಂದ ಕಟ್ಟಿನ ಮೇಲೆಯೇ 13 ಬ್ಲೂ ಯೋಡಲ್‌ಗಳು ನಿಂತಿವೆ.

ಇಷ್ಟೆಲ್ಲ ಹೇಳಿದ ಮೇಲೂ ಹೇಳುತ್ತೇನೆ, ಅಲ್ಲೊಂದು ಇಲ್ಲೊಂದು ಸಾಲು ತಂದು, ಅದಕ್ಕೆ ತನ್ನ ಉಸಿರಿನ ಅಳತೆ ಕೊಟ್ಟು, ಮೂರು ನಿಮಿಷದ ಪ್ಲೇಟಿಗೆ ಕೂರಿಸುವುದು ಸುಮ್ನೆ ಆಗುವ ಕೆಲಸವಲ್ಲ. ಅದನ್ನು ಜಿಮ್ಮಿಯೇ ಮಾಡಿದ್ದು.

ಪ್ರಶ್ನೆ: ಜಾಝ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್ ಈತನ ಜೊತೆ ನುಡಿಸಿದ್ದು ನಿಜವೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಜ. 1930ರ ಜುಲೈ 16, ಹಾಲಿವುಡ್. ‘ಬ್ಲೂ ಯೋಡಲ್ ನಂಬರ್ 9’ರಲ್ಲಿ ಟ್ರಂಪೆಟ್ ಆರ್ಮ್‌ಸ್ಟ್ರಾಂಗ್‌ದು, ಪಿಯಾನೋ ಆರ್ಮ್‌ಸ್ಟ್ರಾಂಗ್‌ನ ಹೆಂಡತಿ ಲಿಲ್ ಹಾರ್ಡಿನ್‌ದು. ಪ್ಲೇಟಿನ ಮೇಲೆ ಇಬ್ಬರ ಹೆಸರೂ ಅಚ್ಚಾಗಲಿಲ್ಲ. ಜಿಮ್ಮಿ ಲಯವನ್ನು ಎಳೆದು ಹಾಡುತ್ತಾನೆ, ಆರ್ಮ್‌ಸ್ಟ್ರಾಂಗ್ ಸಾಲು ಮುಗಿಯುವುದನ್ನೇ ಕಾದು ಉತ್ತರ ಕೊಡುತ್ತಾನೆ.

ಪ್ರಶ್ನೆ: ಕ್ಷಯ ಇದ್ದವನು ಅಷ್ಟು ಹಾಡಿದ್ದು ಹೇಗೆ? ಎಲ್ಲಿಂದ ಕೇಳಲು ಶುರುಮಾಡಲಿ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಕಷ್ಟಪಟ್ಟೇ ಹಾಡಿದ. ಚಿಕಿತ್ಸೆಯ ಖರ್ಚು, ಸಂಸಾರದ ಖರ್ಚು, ಜೊತೆಗೆ ಧಾರಾಳ ಕೈ. ಟೆಕ್ಸಸ್‌ನ ಕೆರ್‌ವಿಲ್‌ನಲ್ಲಿ ಕಟ್ಟಿಸಿದ ದೊಡ್ಡ ಮನೆಯೂ ಕೈತಪ್ಪಿತು. 1933ರ ಮೇನಲ್ಲಿ ನರ್ಸ್ ಜೊತೆಯಲ್ಲಿ ನ್ಯೂಯಾರ್ಕಿಗೆ ಹೋದ. ಸ್ಟುಡಿಯೋದಲ್ಲೇ ಮಂಚ ಹಾಕಿಸಿದ್ದರು. ಒಂದು ಹಾಡು ಹಾಡುವುದು, ಮಲಗಿ ಸುಧಾರಿಸಿಕೊಳ್ಳುವುದು, ಮತ್ತೆ ಏಳುವುದು. ಹೀಗೆ 12 ಹಾಡು ಮುಗಿಸಿದ. ಕೊನೆಯದು ಮೇ 24ರಂದು. 26ರಂದು ಹೋಟೆಲಿನಲ್ಲಿ ತೀರಿಕೊಂಡ. ದೇಹವನ್ನು ಮೆರಿಡಿಯನ್‌ಗೆ ತಂದದ್ದು ರೈಲಿನಲ್ಲೇ.

ಕೇಳುವುದಕ್ಕೆ ಯೂಟ್ಯೂಬ್ ಸಾಕು. ಮೊದಲು 1927ರ ನವೆಂಬರ್ 30ರಂದು ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಹಾಡಿದ ಮೊದಲ ‘ಬ್ಲೂ ಯೋಡಲ್’ ಹಾಕಿ. ಆಗ ಲಕ್ಷಗಟ್ಟಲೆ ಮಾರಿದ ಪ್ಲೇಟು ಅದು. ಆಮೇಲೆ ‘ವೇಟಿಂಗ್ ಫಾರ್ ಎ ಟ್ರೇನ್’. ಆಮೇಲೆ ನಂಬರ್ 9. ‘ಟಿ.ಬಿ. ಬ್ಲೂಸ್’ ಕೊನೆಗಿರಲಿ, ಉಳಿದವು ಕಿವಿಗೆ ಒಗ್ಗಿದ ಮೇಲೆ. ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಗಿಟಾರಿನ ದಪ್ಪ ತಂತಿಯ ಓಟ ಆಗಲೇ ಸರಿಯಾಗಿ ಕೇಳುವುದು.