ಅವ್ವನ ಬಾಟಲಿಯಲ್ಲಿ ಉಳಿದ ನೀರು

ಪ್ರಶ್ನೆ: ನನಗೆ 32 ವರ್ಷ, ಹುಬ್ಬಳ್ಳಿಯಲ್ಲಿ ಕೆಲಸ. ಅವ್ವ ಹಾವೇರಿ ಬಳಿಯ ಹಳ್ಳಿಯಲ್ಲಿದ್ದಾಳೆ. ಅಪ್ಪ ತೀರಿಕೊಂಡ ಮೇಲೆ ಅವಳು ಎಲ್ಲಿಗೂ ಹೋದವಳಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ ಇದ್ದಕ್ಕಿದ್ದಂತೆ ಮನಸ್ಸು ಮಾಡಿ, ಸಂಜೆಯ ಸ್ಲೀಪರ್ ಬಸ್ಸಿನಲ್ಲಿ ಅವಳನ್ನು ಮುಂಬಯಿಗೆ ಕರೆದುಕೊಂಡು ಹೋದೆ. ಸೋಮವಾರ ಒಂದೇ ದಿನದಲ್ಲಿ ಗೇಟ್‌ವೇ, ಎಲಿಫೆಂಟಾ, ವಸ್ತುಸಂಗ್ರಹಾಲಯ, ಸಿಎಸ್‌ಎಂಟಿ ರೈಲು ನಿಲ್ದಾಣ, ಮರೀನ್ ಡ್ರೈವ್, ಜುಹು ಎಲ್ಲವನ್ನೂ ತೋರಿಸಿಬಿಡಬೇಕೆಂದಿದ್ದೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ ಎಂಬುದು ಅಲ್ಲಿಗೆ ಹೋದ ಮೇಲೆಯೇ ತಿಳಿದದ್ದು. ಸಂಜೆ ಮರೀನ್ ಡ್ರೈವ್‌ನ ಕಟ್ಟೆಯ ಮೇಲೆ ಕುಳಿತ ಅವ್ವ ಏಳಲು ಒಪ್ಪಲಿಲ್ಲ. "ಇಷ್ಟು ಖರ್ಚು ಮಾಡಿದ್ದು ಇಲ್ಲಿ ಸುಮ್ಮನೆ ಕೂರುವುದಕ್ಕೇನು? ನಿನ್ನನ್ನು ಕರೆತಂದದ್ದೇ ತಪ್ಪಾಯಿತು" ಎಂದು ಜನರೆದುರೇ ರೇಗಿದೆ. ತಕ್ಷಣ ಎದ್ದಳು. ಆಮೇಲೆ ಎರಡು ದಿನ "ಹೂಂ" ಬಿಟ್ಟರೆ ಮಾತಿಲ್ಲ. ಬೆಳಿಗ್ಗೆ ತುಂಬಿಸಿಕೊಟ್ಟಿದ್ದ ನೀರಿನ ಬಾಟಲಿಯನ್ನು ರಾತ್ರಿ ಹಾಗೆಯೇ ತಂದಿಟ್ಟಳು, ಅದಕ್ಕೂ ಬೈದೆ. ಊರಿನವರ ಮುಂದೆ "ಮುಂಬಯಿ ಬಹಳ ಚೆನ್ನಾಗಿದೆ" ಎನ್ನುತ್ತಾಳಂತೆ. ಈಗ ಮೈಸೂರಿಗೆ ಹೋಗೋಣವೆಂದರೆ "ನೀನೇ ಹೋಗಿ ಬಾ" ಎನ್ನುತ್ತಾಳೆ. ನಾನೇನು ಮಾಡಲಿ?

ಉತ್ತರ: ಪ್ರಿಯ ಸೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ನನ್ನ ಕಣ್ಣು ನಿಂತದ್ದು ಆ ಬಾಟಲಿಯ ಮೇಲೆ. ನೀವು ಅದನ್ನು ಇನ್ನೊಂದು ಬೈಗುಳದ ಲೆಕ್ಕದಲ್ಲಿ ಬರೆದಿದ್ದೀರಿ. ನನಗೆ ಅದರಲ್ಲಿ ಅವರ ಇಡೀ ದಿನ ಕಾಣಿಸಿತು. ನಮ್ಮ ಹಳ್ಳಿಗಳ ಹಿರಿಯ ಹೆಂಗಸರು ಅನೇಕರು ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯ ಬೇಕಾಗುತ್ತದೆ, ಅದಕ್ಕೆ ಮಗಳನ್ನು ಕೇಳಬೇಕು, ಕೇಳಿದರೆ ಮಗಳಿಗೆ ತಡವಾಗುತ್ತದೆ. ಹಿಂದಿ, ಮರಾಠಿ ಬಾರದವರಿಗೆ ಆ ಊರಿನಲ್ಲಿ ಬೋರ್ಡು ಓದಲಾಗದು, ದಾರಿಯಲ್ಲಿ ಯಾರನ್ನೂ ವಿಚಾರಿಸಲಾಗದು. ತಮ್ಮ ಮನೆ, ಹೊಲ, ಸಂತೆಯಲ್ಲಿ ಯಾರ ಹಂಗೂ ಇಲ್ಲದೆ ಓಡಾಡುವ ಹೆಂಗಸು ಅಂದು ಬೆಳಗಿನಿಂದ ನಿಮ್ಮ ಸೆರಗು ಹಿಡಿದ ಮಗುವಾಗಿದ್ದರು. ಬಾಯಾರಿಕೆಯನ್ನು ನುಂಗಿಕೊಂಡೇ ನಿಮ್ಮ ಹಿಂದೆ ನಡೆದರು.

ಇಡೀ ದಿನದಲ್ಲಿ ಅವರು ಬೇಡಿದ್ದು ಒಂದೇ, ಆ ಕಟ್ಟೆಯ ಮೇಲೆ ಕೂರುವುದು. ಗೇಟ್‌ವೇ ನಿಂತಿರುವುದು ಬಂದರಿನ ಕಡೆಗೆ, ಪೂರ್ವಕ್ಕೆ. 1911ರಲ್ಲಿ ಬಂದ ಇಂಗ್ಲೆಂಡಿನ ದೊರೆಯ ನೆನಪಿಗೆ ಕಟ್ಟಿ, 1924ರಲ್ಲಿ ಮುಗಿಸಿದ ಕಮಾನು ಅದು. ಅಲ್ಲಿ ದೋಣಿಗಳು, ಛಾಯಾಗ್ರಾಹಕರು, ನೂಕುನುಗ್ಗಲು. ಮರೀನ್ ಡ್ರೈವ್ ಹಾಗಲ್ಲ. ಮೂರೂವರೆ ಕಿಲೋಮೀಟರಿನಷ್ಟು ಉದ್ದಕ್ಕೆ ಬಾಗಿದ ಆ ದಂಡೆ ಪಶ್ಚಿಮಕ್ಕೆ ತೆರೆದುಕೊಂಡಿದೆ. ಸೂರ್ಯ ಮುಳುಗುವುದು ಅಲ್ಲಿ. ಬಯಲುಸೀಮೆಯಲ್ಲಿ ಹೊಲದ ಅಂಚಿಗೆ ಸೂರ್ಯ ಇಳಿಯುವುದನ್ನು ಜೀವಮಾನವೆಲ್ಲ ನೋಡಿದ ಹೆಣ್ಣುಮಗಳು ಅಂದು ಅವನು ನೀರಿಗೆ ಇಳಿಯುವುದನ್ನು ಕಾಯುತ್ತಿದ್ದರು. ನೋಡಲು ಕರೆದೊಯ್ದ ಊರಿನಲ್ಲಿ ಅವರು ನಿಜವಾಗಿ ನೋಡುತ್ತಿದ್ದ ಗಳಿಗೆ ಅದು. ನೀವು ಎಬ್ಬಿಸಿದ್ದು ಜುಹುವಿಗಾಗಿ. ಅದೂ ಸಮುದ್ರವೇ! ಇಪ್ಪತ್ತು ಕಿಲೋಮೀಟರಿಗೂ ಆಚೆಗೆ, ಕೆಲಸದ ದಿನ, ಕಚೇರಿಗಳು ಬಿಡುವ ಹೊತ್ತಿಗೆ. ಆ ಹೊತ್ತಿನಲ್ಲಿ ಚರ್ಚ್‌ಗೇಟಿನಿಂದ ಹೊರಡುವ ಲೋಕಲ್ ರೈಲಿನ ನೂಕಾಟ ಆ ಊರಿನಲ್ಲೇ ಹುಟ್ಟಿದವರನ್ನೂ ಸುಸ್ತು ಮಾಡುತ್ತದೆ.

ನಿಮ್ಮ ಆಸೆಯಲ್ಲಿ ತಪ್ಪಿರಲಿಲ್ಲ. ದಿಢೀರನೆ ಹೊರಟವರಿಗೆ ಮೊದಲ ದಿನವೇ ಎಲ್ಲವನ್ನೂ ಕಂಡುಬಿಡುವ ಹಂಬಲ ಇದ್ದೇ ಇರುತ್ತದೆ, ಅದು ಪ್ರೀತಿಯಿಂದಲೇ ಬಂದದ್ದು. ಆದರೆ ಖರ್ಚಿನ ಮಾತು ಆಡಬಾರದಿತ್ತು. ಬೆಳಗಿನಿಂದ ಟ್ಯಾಕ್ಸಿಗೆಷ್ಟು, ಊಟಕ್ಕೆಷ್ಟು ಎಂದು ಮನಸ್ಸಿನಲ್ಲೇ ಕೂಡಿಸುತ್ತಾ ಬರುವುದು ಅಂಥ ತಾಯಂದಿರ ಅಭ್ಯಾಸ. ತಾನು ಮಗಳಿಗೆ ಹೊರೆಯಾದೆನೇ ಎಂಬ ಅಳುಕು ಅವರಲ್ಲಿ ಮೊದಲೇ ಇರುತ್ತದೆ. ನಿಮ್ಮ ಮಾತು ಅದನ್ನು ಖಚಿತ ಮಾಡಿತು. "ನೀನೇ ಹೋಗಿ ಬಾ" ಎಂಬುದನ್ನು ಕೋಪವೆಂದು ತಿಳಿಯಬೇಡಿ. ನಿಮ್ಮ ದುಡ್ಡು ಉಳಿಸುತ್ತಿದ್ದಾರೆ.

ಈಗ ಮಾಡಬೇಕಾದದ್ದು. ಊರಿಗೆ ಹೋಗಿ. ಫೋನಿನಲ್ಲಿ ಬೇಡ, ಸೀರೆ ಒಯ್ದು ಕೊಟ್ಟು ಮುಗಿಸುವುದೂ ಬೇಡ. ಅವರು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕುಳಿತಾಗ ಪಕ್ಕದಲ್ಲಿ ಕುಳಿತು, "ಅವ್ವಾ, ಸಮುದ್ರದ ಹತ್ತಿರ ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯಿತು" ಎನ್ನಿ. ಯಾವ ಮಾತು ನೋಯಿಸಿತೋ ಅದೇ ಮಾತನ್ನು ಎತ್ತಿ ಹೇಳಬೇಕು. "ಅದನ್ನೆಲ್ಲ ನಾನು ಅಂದೇ ಮರೆತೆ" ಎನ್ನುತ್ತಾರೆ. ನಂಬಬೇಡಿ. "ಅಂದು ನೀರು ಯಾಕೆ ಕುಡಿಯಲಿಲ್ಲ?" ಎಂದು ಕೇಳಿ. ಉತ್ತರ ಬರುವವರೆಗೂ ನೀವು ಮಾತಾಡಬೇಡಿ, ಸೊಪ್ಪು ಬಿಡಿಸುತ್ತಿರಿ.

ಆಮೇಲೆ ಮೈಸೂರು ಇರಲಿ, ಮುಂಬಯಿಗೇ ಇನ್ನೊಮ್ಮೆ ಕರೆಯಿರಿ. "ಅಂದು ಅರ್ಧಕ್ಕೆ ಎಬ್ಬಿಸಿದೆನಲ್ಲ, ಅದಕ್ಕೆ" ಎಂದು ಕಾರಣ ಕೊಡಿ. ಒಪ್ಪಲು ತಿಂಗಳುಗಳೇ ಹಿಡಿಯಬಹುದು, ಕಾಯಿರಿ. ಒಪ್ಪಿದರೆ, ಬಸ್ಸಿಳಿದ ದಿನ ಬೆಳಿಗ್ಗೆ ಎಲ್ಲಿಗೂ ಹೊರಡಬೇಡಿ. ಸ್ನಾನ ಮಾಡಿ ಮಲಗಲಿ. ಕೋಣೆಯನ್ನು ಮಾಟುಂಗಾ, ದಾದರ್ ಕಡೆ ನೋಡಿ. ಮಾಟುಂಗಾದಲ್ಲಿ ಹಳೆಯ ಉಡುಪಿ ಹೋಟೆಲುಗಳಿವೆ, 1926ರಲ್ಲಿ ಹುಟ್ಟಿದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲಿಯೇ. ಕನ್ನಡ ಬಲ್ಲವರು ಸಿಕ್ಕರೆ ಒಂದು ಲೋಟ ನೀರನ್ನಾದರೂ ಅವರೇ ಬಾಯಿಬಿಟ್ಟು ಕೇಳಬಹುದು. ಹೊರಗೆ ಹೋದಲ್ಲೆಲ್ಲ, ಅವರು ಕೇಳುವ ಮೊದಲೇ ನೀವು "ನಾನು ಶೌಚಾಲಯಕ್ಕೆ ಹೋಗಬೇಕು, ನೀನೂ ಬಾ" ಎನ್ನಿ. ಎಲಿಫೆಂಟಾ ಎರಡನೆಯ ದಿನಕ್ಕಿರಲಿ, ಅದೂ ಅವರ ಮೊಣಕಾಲು ಒಪ್ಪಿದರೆ. ದೋಣಿಯಲ್ಲಿ ಸುಮಾರು ಒಂದು ಗಂಟೆ, ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ.

ಮೊದಲ ದಿನಕ್ಕೆ ಮರೀನ್ ಡ್ರೈವ್ ಒಂದೇ ಸಾಕು. ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ, ಮೇ ತಿಂಗಳಲ್ಲಾದರೆ ಏಳು ದಾಟುತ್ತದೆ. ಒಂದು ಗಂಟೆ ಮೊದಲೇ ಹೋಗಿ ಅದೇ ಕಟ್ಟೆಯ ಮೇಲೆ ಕೂರಿ. ಮೊಬೈಲ್ ಚೀಲದಲ್ಲಿರಲಿ. ಕತ್ತಲಾದ ಮೇಲೆ ದಂಡೆಯುದ್ದಕ್ಕೂ ದೀಪಗಳು ಹತ್ತಿಕೊಳ್ಳುತ್ತವೆ. ಏಳುವುದು ಯಾವಾಗ ಎಂಬುದನ್ನು ಅವ್ವ ಹೇಳಲಿ.