58ಕ್ಕೆ ನಿವೃತ್ತಿ, ಉಳಿದಿರುವುದು ನಾಲ್ಕೇ ವರ್ಷ. ಈಗ ಏನೇನು ಮಾಡಿಟ್ಟುಕೊಳ್ಳಬೇಕು?

ನೀವು ಕೊಟ್ಟ ವಿವರ ಇಷ್ಟು: ವಯಸ್ಸು 54, 1998ರಿಂದ ಎರಡು ಖಾಸಗಿ ಕಾರ್ಖಾನೆಗಳಲ್ಲಿ ಕೆಲಸ, 2030ಕ್ಕೆ ನಿವೃತ್ತಿ, ಪತ್ನಿ ಗೃಹಿಣಿ, ನಿಮಗೆ ಶುಗರ್ ಇದೆ, ತುಮಕೂರಿನಲ್ಲಿ ಸ್ವಂತ ಮನೆ, ಆಮೇಲೆ ಅಡಿಕೆ ತೋಟ ಮಾಡುವ ಆಸೆ.

ಹಣ ಎಲ್ಲಿ ಹಾಕಲಿ ಅನ್ನುವುದನ್ನು ಸದ್ಯಕ್ಕೆ ಬಿಡಿ. ಮೊದಲು ಆರೋಗ್ಯ ವಿಮೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲಿನಿಂದ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಈಗಲೇ ಮಾಡಿಸಿದರೆ ಆ ಕಾಯುವಿಕೆ ಸಂಬಳ ಬರುತ್ತಿರುವಾಗಲೇ ಮುಗಿಯುತ್ತದೆ. 58ಕ್ಕೆ ಮಾಡಿಸಿದರೆ 61ರವರೆಗೆ ಶುಗರ್‌ನಿಂದಾಗುವ ಆಸ್ಪತ್ರೆ ಖರ್ಚು ನಿಮ್ಮ ಕೈಯಿಂದಲೇ. ಪ್ರೀಮಿಯಂ ಹೆಚ್ಚಾಗುತ್ತದೆಂದು ಕಾಯಿಲೆಯನ್ನು ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರವಾಗಲು ಅದೊಂದೇ ಸಾಕು. ಆಯುಷ್ಮಾನ್ ಭಾರತದ 5 ಲಕ್ಷ ಎಲ್ಲ ಹಿರಿಯರಿಗೂ ಸಿಗುವುದು 70 ದಾಟಿದ ಮೇಲೆ.

ಇನ್ನು ಪಿಂಚಣಿ. ಪಿಎಫ್ ಜೊತೆಗೇ ಇರುವ ನೌಕರರ ಪಿಂಚಣಿ ಯೋಜನೆ ಇಪಿಎಸ್‌ನಲ್ಲಿ ತಿಂಗಳಿಗೆ 7,500 ಬರುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೀರಿ, ಅಷ್ಟು ಬರುವುದಿಲ್ಲ. ಸೂತ್ರ ಸರಿ: ಸಂಬಳ ಗುಣಿಸು ಸೇವಾವರ್ಷ, ಭಾಗಿಸು 70. ಆದರೆ 2014ರ ಸೆಪ್ಟೆಂಬರ್‌ಗೆ ಮುಂಚಿನ ಸೇವೆಗೆ ಸಂಬಳದ ಮಿತಿ 6,500, ಆಮೇಲಿನದಕ್ಕೆ 15,000. ಎರಡೂ ಕಡೆ ಸುಮಾರು 16 ವರ್ಷ ಹಿಡಿದರೆ 1,486 ಮತ್ತು 3,429. 20 ವರ್ಷ ಮೀರಿದ ಸೇವೆಗೆ ಬೋನಸ್ ಆಗಿ ಲೆಕ್ಕಕ್ಕೆ ಸೇರುವ ಎರಡು ಸೇವಾವರ್ಷ ಹಿಡಿದರೂ ಐದು ಸಾವಿರದ ಚಿಲ್ಲರೆ. ಅದೂ ಹಳೆಯ ಕಾರ್ಖಾನೆಯ ಸೇವೆ ಈಗಿನ ಖಾತೆಗೆ ಸೇರಿದ್ದರೆ. ಅಲ್ಲಿ ಬಿಟ್ಟ ದಿನಾಂಕ ದಾಖಲಾಗಿಲ್ಲದಿದ್ದರೆ, ಆಧಾರ್‌ನಲ್ಲಿ ಹೆಸರಿನ ಇನಿಶಿಯಲ್ ಬೇರೆ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಪಿಎಫ್ ಪಾಸ್‌ಬುಕ್ ತೆಗೆದು ಈ ತಿಂಗಳೇ ನೋಡಿ. ಹಳೆಯ ಕಾರ್ಖಾನೆ ಬಾಗಿಲು ಹಾಕಿಕೊಂಡ ಮೇಲೆ ಸಹಿ ಹಾಕಿಸಲು ಯಾರನ್ನು ಹುಡುಕುತ್ತೀರಿ?

ಪಿಎಫ್, ಗ್ರಾಚುಟಿ ಬಂದಾಗ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ಆಗಲೇಬೇಕೆಂದಿಲ್ಲ. 55 ದಾಟಿ ನಿವೃತ್ತರಾದವರು ಹಣ ಕೈಗೆ ಬಂದ 3 ತಿಂಗಳೊಳಗೆ ಕಂಪನಿಯ ಪ್ರಮಾಣಪತ್ರದೊಂದಿಗೆ ಹಾಕಬಹುದು. ತಡವಾದರೆ 60ರವರೆಗೆ ಕಾಯಬೇಕು. ಗರಿಷ್ಠ 30 ಲಕ್ಷ. 8.2% ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಹಾಕಿದ ದಿನದ ದರವೇ 5 ವರ್ಷ ಇರುತ್ತದೆ.

ಅದೇ ಅದರ ದೋಷವೂ ಹೌದು. ಬೆಲೆಗಳು ವರ್ಷಕ್ಕೆ 6% ಏರಿದರೆ ಇಂದಿನ 40,000ದ ಮನೆಖರ್ಚು 12 ವರ್ಷಕ್ಕೆ 80,000, ಬಡ್ಡಿ ಮಾತ್ರ ಅಷ್ಟೇ. ಹಾಗಾಗಿ ಗಂಟಿನ ಕಾಲು ಭಾಗವನ್ನಾದರೂ ಇಂಡೆಕ್ಸ್ ಫಂಡ್‌ನಲ್ಲಿ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ಹಣ ಹಾಕುವ ಮ್ಯೂಚುವಲ್ ಫಂಡ್) ಇಟ್ಟು ಏಳೆಂಟು ವರ್ಷ ಮುಟ್ಟಬೇಡಿ. ಒಂದು ವರ್ಷದ ಖರ್ಚು ಎಫ್‌ಡಿಯಲ್ಲಿರಲಿ, ಆಗ ಮಾರುಕಟ್ಟೆ ಬಿದ್ದ ವರ್ಷ ಫಂಡ್ ಮಾರುವ ಗತಿ ಬರುವುದಿಲ್ಲ.

ಎಲ್ಲ ಖಾತೆಗೂ ನಾಮಿನಿ ಹಾಕಿ, ಉಯಿಲೂ ಬರೆಯಿರಿ. ನಾಮಿನಿಗೆ ಹಣ ಸಿಗುತ್ತದೆ, ಹಕ್ಕು ವಾರಸುದಾರರದ್ದು. ಉಯಿಲಿಗೆ ಬಿಳಿ ಹಾಳೆ, ಇಬ್ಬರು ಸಾಕ್ಷಿ ಸಾಕು. ನಿಮ್ಮ ನಂತರ ಪತ್ನಿಗೆ ಬರುವ ಇಪಿಎಸ್ ಪಿಂಚಣಿ ನಿಮ್ಮದರ ಅರ್ಧ ಎಂಬುದನ್ನು ಅವರಿಗೂ ಹೇಳಿಡಿ.

ಮನೆಯಲ್ಲಿ ಇಡೀ ದಿನ ಇರುವ ಅಭ್ಯಾಸ ನಿಮಗಿಲ್ಲ, ನಿಮ್ಮನ್ನು ಇಡೀ ದಿನ ನೋಡುವ ಅಭ್ಯಾಸ ನಿಮ್ಮ ಮನೆಯವರಿಗೂ ಇಲ್ಲ. ಉಳಿದ ರಜೆಯನ್ನು ಮಾರಿಕೊಳ್ಳದೆ ಒಂದು ತಿಂಗಳು ತೆಗೆದುಕೊಂಡು ಇಬ್ಬರೂ ಹೇಗಿರುತ್ತೀರಿ ನೋಡಿ. ಸಂಜೆಯ ಅಡುಗೆ ಕಲಿತರೆ ಅರ್ಧ ಜಗಳ ತಪ್ಪುತ್ತದೆ.

ತೋಟದ ಆಸೆಗೆ ಮಾತ್ರ ನನ್ನ ಆಕ್ಷೇಪವಿದೆ. 58ಕ್ಕೆ ಅಡಿಕೆ ಸಸಿ ನೆಟ್ಟರೆ ಫಸಲು ಕಾಣುವಷ್ಟರಲ್ಲಿ 64 ಆಗಿರುತ್ತದೆ. ಅಲ್ಲಿಯವರೆಗೆ ಬೋರ್‌ವೆಲ್, ಡ್ರಿಪ್, ಆಳಿನ ಕೂಲಿ ಎಲ್ಲವೂ ಪಿಎಫ್ ಗಂಟಿನಿಂದ. ಎರಡನೇ ಬೋರ್ ಕೊರೆಸಿದ ಮೇಲೆ ಯಾರೂ ಲೆಕ್ಕ ಬರೆಯುವುದಿಲ್ಲ. ಬೇಕೇ ಬೇಕೆಂದರೆ ಜಮೀನು ಕೊಳ್ಳುವ ಮುಂಚೆ ಪರಿಚಯದವರ ತೋಟದಲ್ಲಿ ಒಂದು ವರ್ಷ ಭಾನುವಾರ ಭಾನುವಾರ ದುಡಿದು ನೋಡಿ, ಏಪ್ರಿಲ್ ತಿಂಗಳನ್ನೂ ಬಿಡದೆ.