ವೀಸಾ ಬೇಡ ಅಂದ್ರೆ ಏನೂ ಬೇಡ ಅಂತಲ್ಲ!

ಪ್ರಶ್ನೆ: ನಾವು ಗಂಡ-ಹೆಂಡತಿ ಮುಂದಿನ ತಿಂಗಳು ಮಲೇಷ್ಯಾಕ್ಕೆ ಹೊರಟಿದ್ದೇವೆ. ವೀಸಾ ಬೇಕಿಲ್ಲ, ಸುಮ್ನೆ ಪಾಸ್‌ಪೋರ್ಟ್ ಹಿಡಿದು ಹೋಗಿ ಅಂತ ಟಿಕೆಟ್ ಮಾಡಿಸಿಕೊಟ್ಟವರು ಹೇಳಿದ್ದಾರೆ. ನನ್ನ ಪಾಸ್‌ಪೋರ್ಟ್ ಅವಧಿ ಇನ್ನೂ ನಾಲ್ಕು ತಿಂಗಳಿದೆ. ನಡೆಯುತ್ತಾ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಡೆಯಲ್ಲ. ವೀಸಾ ಬೇಡ ಅನ್ನೋದೇನೋ ನಿಜ. 2023ರ ಡಿಸೆಂಬರ್ 1ರಿಂದ ನಾವು 30 ದಿನದವರೆಗೆ ವೀಸಾ ಇಲ್ಲದೆ ಅಲ್ಲಿ ತಿರುಗಾಡಬಹುದು, ಈ ಸವಲತ್ತು 2026ರ ಡಿಸೆಂಬರ್ 31ರವರೆಗೆ ಇದೆ. ಆದರೆ ಅಲ್ಲಿ ಇಳಿಯುವ ದಿನ ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ನಿಮ್ಮನ್ನು ಮೊದಲು ತಡೆಯುವವರು ಕೌಲಾಲಂಪುರದ ಅಧಿಕಾರಿಗಳಲ್ಲ, ಬೆಂಗಳೂರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವವರು. ಕಾಗದಪತ್ರ ಸರಿಯಿಲ್ಲದವರನ್ನು ಹತ್ತಿಸಿಕೊಂಡು ಹೋದರೆ ವಾಪಸ್ ಕರೆತರುವ ಹೊಣೆ ವಿಮಾನ ಕಂಪನಿಯ ತಲೆಗೇ ಬರುತ್ತದೆ, ಹಾಗಾಗಿ ಅವರು ದಿನ ಎಣಿಸಿ ನೋಡುತ್ತಾರೆ, ನೀವು ಹುಬ್ಬಳ್ಳಿಯಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿದ್ದೀರಿ ಅಂತ ಯಾರೂ ಕರಗಲ್ಲ.

ಇವತ್ತೇ ರಿನೀವಲ್‌ಗೆ ಅರ್ಜಿ ಹಾಕಿ. 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2000 ಸೇರುತ್ತದೆ. ನಿಮಗಿರೋ ಟೈಮ್ ನೋಡಿದರೆ ತತ್ಕಾಲೇ ವಾಸಿ. ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ಅವಧಿ ಮುಗಿಯೋಕೆ ಒಂದು ವರ್ಷ ಇರುವಾಗಲೇ ರಿನೀವಲ್ ಮಾಡಿಸಬಹುದು ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹೊಸ ನಂಬರ್ ಬಂದ ಮೇಲೆ ಟಿಕೆಟ್‌ನಲ್ಲೂ ತಿದ್ದಿಸಿ. ನಿಮ್ಮ ಮನೆಯವರ ಪಾಸ್‌ಪೋರ್ಟನ್ನೂ ಒಮ್ಮೆ ತೆಗೆದು ನೋಡಿ: ಹೊಲಿಗೆ ಬಿಟ್ಟಿದ್ದರೆ, ಫೋಟೊ ಇರುವ ಪುಟದ ಲ್ಯಾಮಿನೇಷನ್ ಎದ್ದಿದ್ದರೆ, ಮೊಮ್ಮಕ್ಕಳು ಪೆನ್ನಿನಲ್ಲಿ ಗೀಚಿದ್ದರೆ ಅದೂ ತಕರಾರೇ.

ಇನ್ನೊಂದು, ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್. ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಪುಕ್ಕಟೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಕೆಲವು ಸೈಟ್‌ಗಳು ಇದಕ್ಕೂ ಡಾಲರ್ ಕೇಳುತ್ತವೆ, ಅವು ಸರ್ಕಾರಿ ಸೈಟ್ ಅಲ್ಲ. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಇಂಥದ್ದೇ ಕಾರ್ಡ್ ಕಡ್ಡಾಯ ಮಾಡಿದೆ, ಅದೂ ಪುಕ್ಕಟೆಯೇ.

ಪ್ರಶ್ನೆ: ಪಶುಪತಿನಾಥನ ದರ್ಶನಕ್ಕೆ ವಿಮಾನದಲ್ಲಿ ಹೋಗಬೇಕು ಅಂತ ಅವ್ವನ ಆಸೆ. ಅವಳಿಗೆ 68 ವರ್ಷ, ಆಧಾರ್ ಬಿಟ್ಟು ಬೇರೇನೂ ಇಲ್ಲ. ಜೊತೆಗೆ ನಾನು, ನನ್ನ 16 ವರ್ಷದ ಮಗಳು.
— ಗದಗ

ಉತ್ತರ: ಅವ್ವನ ಚಿಂತೆ ಬಿಡಿ, ನಿಮ್ಮದು ನೋಡಿಕೊಳ್ಳಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಕೂಡ ಕಡ್ಡಾಯ ಅಲ್ಲ. 65 ದಾಟಿದವರಿಗೆ, 15 ವರ್ಷದೊಳಗಿನ ಮಕ್ಕಳಿಗೆ ಆಧಾರ್ ನಡೆಯುತ್ತದೆ. ನಡುವಯಸ್ಸಿನ ನಿಮಗೆ ನಡೆಯಲ್ಲ! ಪಾಸ್‌ಪೋರ್ಟ್ ಇಲ್ಲಾ ಚುನಾವಣಾ ಆಯೋಗದ ವೋಟರ್ ಕಾರ್ಡ್, ಎರಡರಲ್ಲಿ ಒಂದು ಬೇಕು. ಮಗಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಕಾಲೇಜಿನ ಪ್ರಿನ್ಸಿಪಾಲರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ಮಾಡಿಸಿ. ವೋಟರ್ ಕಾರ್ಡ್ ಮೂಲಪ್ರತಿಯೇ ಇರಲಿ, ಮೊಬೈಲ್‌ನಲ್ಲಿರೋ ಫೋಟೊ ನಂಬಿ ಹೊರಡಬೇಡಿ.

ಪ್ರಶ್ನೆ: ಮೆಣಸಿನಕಾಯಿ ವ್ಯಾಪಾರದ ಮಾತುಕತೆಗೆ ಕೀನ್ಯಾಕ್ಕೆ ಹೋಗಬೇಕಿದೆ. ಅಲ್ಲಿ ವೀಸಾ ತೆಗೆದುಹಾಕಿದ್ದಾರಂತೆ. ಮತ್ತೆ ಏಜೆಂಟರು ದುಡ್ಡು ಯಾಕೆ ಕೇಳ್ತಾರೆ?
— ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ವೀಸಾ ಹೋಯ್ತು, ಅದರ ತಮ್ಮ ಬಂದ. 2024ರ ಜನವರಿಯಿಂದ ಅಲ್ಲಿ ಇಟಿಎ ಅಂತ ಎಲೆಕ್ಟ್ರಾನಿಕ್ ಅನುಮತಿ ಇದೆ. ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು, ಶುಲ್ಕ 30 ಡಾಲರ್. ಅದಕ್ಕಿಂತ ತುಂಬಾ ಜಾಸ್ತಿ ಕೇಳಿದರೆ ಅದು ಏಜೆಂಟರ ಕಮಿಷನ್, ಕೊಡೋದು ಬಿಡೋದು ನಿಮಗೆ ಸೇರಿದ್ದು. ನನಗಂತೂ ನೀವೇ ತುಂಬಬಹುದು ಅನ್ನಿಸುತ್ತದೆ, ವ್ಯಾಪಾರದಲ್ಲಿ ಜಿಎಸ್‌ಟಿ ಫಾರ್ಮ್ ನೋಡಿದವರಿಗೆ ಇದು ಏನೂ ಅಲ್ಲ.

ಯೆಲ್ಲೋ ಫೀವರ್ ಲಸಿಕೆ ಮರೆಯಬೇಡಿ. ಇದನ್ನು ಕೇಳೋದು ನಮ್ಮ ದೇಶವೇ, ಅದೂ ನೀವು ವಾಪಸ್ ಬಂದಾಗ. ಹೊರಡುವ ದಿನಕ್ಕೆ ಹತ್ತು ದಿನ ಮೊದಲೇ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು ಸರ್ಟಿಫಿಕೇಟ್ ಇಟ್ಟುಕೊಳ್ಳಿ. ಅದಿಲ್ಲದೆ ಬಂದಿಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಜೊತೆ ಲಂಡನ್ ನೋಡುವ ಆಸೆ. ಅವನಿಗೆ ಗ್ರೀನ್ ಕಾರ್ಡ್ ಇದೆ, ಮೊಮ್ಮಗ ಅಲ್ಲೇ ಹುಟ್ಟಿದವನು.
— ಸಪ್ತಾಪುರ, ಧಾರವಾಡ

ಉತ್ತರ: ಅಮೆರಿಕದ ಪಾಸ್‌ಪೋರ್ಟ್ ಇರುವ ಮೊಮ್ಮಗನಿಗೆ ಬ್ರಿಟನ್ನಿನ ಇಟಿಎ ಸಾಕು. ಗ್ರೀನ್ ಕಾರ್ಡ್ ಇದ್ದರೂ ಮಗನದು ಭಾರತದ ಪಾಸ್‌ಪೋರ್ಟ್ ಅಲ್ವಾ, ಅವನಿಗೂ ನಿಮಗೂ ವೀಸಾನೇ ಬೇಕು.

ಪ್ರಶ್ನೆ: ವೀಸಾ ಬೇಡದ ದೇಶ, ಹೋಗಿ ಇಳಿದ ತಕ್ಷಣ ಕೆಲಸ ಅಂತ ಒಬ್ಬರು ಹೇಳುತ್ತಿದ್ದಾರೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಅಂತ ಇದೆ.
— ರಾಣೆಬೆನ್ನೂರು

ಉತ್ತರ: ಹೋಗಬೇಡಿ. ವೀಸಾ ರಿಯಾಯಿತಿ ಇರೋದು ತಿರುಗಾಡಿ ವಾಪಸ್ ಬರುವವರಿಗೆ. ಇರಾನ್ ಇದೇ ಥರ ವೀಸಾ ಬೇಡ ಅಂದಿತ್ತು, ಕೆಲಸದ ಆಸೆ ತೋರಿಸಿ ಕರೆದೊಯ್ದು ಕೆಲವರನ್ನು ಅಲ್ಲಿ ಅಪಹರಿಸಿ ದುಡ್ಡು ಕೇಳಿದ ಪ್ರಕರಣಗಳಾದವು, ಕೊನೆಗೆ 2025ರ ನವೆಂಬರ್ 22ರಿಂದ ಆ ಸವಲತ್ತೇ ನಿಂತಿತು. ಇಸಿಆರ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಮುಂಚೆ ಸರ್ಕಾರದ ತಪಾಸಣೆ ಬೇಕು ಅನ್ನೋ ಗುರುತು, ಇದ್ದವರು ಮಲೇಷ್ಯಾ, ಯುಎಇ (ದುಬೈ), ಸೌದಿಯಂಥ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಆ ವ್ಯಕ್ತಿಯ ಏಜೆಂಟ್ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ ನೋಡಿ. ಸಿಗದಿದ್ದರೆ ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಕೊಡಬೇಡಿ, ಪಾಸ್‌ಪೋರ್ಟ್ ಅಂತೂ ಕೈಗೆ ಕೊಡಲೇಬೇಡಿ.